ಹೊಳೆಯಾಚೆಯ ಕುಂಪಣಿ ಸರಕಾರ

ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು ಎಲ್ಲರಿಗೂ ಚರಿತ್ರೆ. ಗಂಗಾವತಿಯ ನನ್ನ ಸೋದರಮಾವನಿಗೆ ಮಾತ್ರ ಅದು ಮೊನ್ನೆ ಮನೆ ಪಾಲಾದಂಥ ಸಂಕಟ! ಗೆದ್ದ ನಿಜಾಮನೂ ಇಂಗ್ಲಿಷರ ಕುಂಪಣಿಯೂ ನಾಡನ್ನು ಹಂಚಿಕೊಂಡರಂತೆ. ಆಮೇಲೆ ನಿಜಾಮ, ತುಂಗಭದ್ರೆಯಾಚೆಯ ಬಳ್ಳಾರಿ ಸೀಮೆಯನ್ನು ಸೈನ್ಯದ ಖರ್ಚಿಗೆಂದು ಕುಂಪಣಿಗೇ ಒಪ್ಪಿಸಿಬಿಟ್ಟನಂತೆ. ಈಚೆಯ ನಾವು ಅವನ ಕೈಯಲ್ಲೇ ಉಳಿದು 'ಮೊಗಲಾಯಿ ಮಂದಿ' ಆದೆವು. ನಿಜಾಮನೂ ಹೋದ, ಕುಂಪಣಿಯೂ ಹೋಯಿತು. ಮಾವನಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ!

ಅದೃಷ್ಟ ನೋಡಿ, ಅತ್ತೆ ಹೊಳೆಯಾಚೆಯ ಕಂಪ್ಲಿಯವಳು. ಸಾರಿಗೆ ಉಪ್ಪು ಕಡಿಮೆಯಾದರೆ ಸಾಕು, ಮಾವ ಶುರು:

"ಕುಂಪಣಿಯವ್ರು ಉಪ್ಪಿಗೂ ಕೈ ಬಿಗಿ ಹಿಡೀತಾರ ನೋಡು."

"ಮೊಗಲಾಯಿಯವ್ರ ನಾಲಿಗಿಗೆ ಅಷ್ಟಽ ಸಾಕ್ರಿ. ಮೊದಲಽ ಭಾಳ ಉದ್ದ ಐತಿ!"

ಒಮ್ಮೆ ಕಂಪ್ಲಿ ಬಸ್ಸು ಸೇತುವೆಗೆ ಬರುತ್ತಲೇ ಮಾವ ಎದ್ದುನಿಂತು, "ಕರೋಡಗಿರಿ ನಾಕಾ ಬಂತು, ಗಂಟು ಬಿಚ್ಚಿ ತೋರಸ್ರಿ!" ಎಂದು ಕೂಗಿದ. ಕರೋಡಗಿರಿ ಎಂದರೆ ನಿಜಾಮನ ಕಾಲದ ಸುಂಕದ ಇಲಾಖೆ. ಹಿಂದಿನ ಸೀಟಿನ ಮುದುಕಿ, ಪಾಪ, ಬುತ್ತಿಯ ಗಂಟನ್ನೇ ಬಿಚ್ಚಿದಳು. ಮಾವ ಒಂದು ರೊಟ್ಟಿ ಜಪ್ತಿ ಮಾಡಿ ಅಲ್ಲೇ ತಿಂದ! ಪಕ್ಕದಲ್ಲಿದ್ದ ನಾನು? ಕಿಟಕಿಯ ಆಚೆ ನೋಡುತ್ತ, ಇವನು ಯಾರೋ ಎಂಬಂತೆ ಕೂತಿದ್ದೆ.

ಹೋದ ವಾರ ಅತ್ತೆಗೆ ಎದೆನೋವು ಬಂತು. ಇಲ್ಲಿನ ವೈದ್ಯರು ನಾಡಿ ಹಿಡಿದವರೇ ಬಳ್ಳಾರಿಗೆ ಒಯ್ಯಿರಿ ಎಂದರು. ಮಾವನ ಮಗಳು ಅವಳ ಜೊತೆ ಆಂಬುಲೆನ್ಸ್ ಹತ್ತಿದಳು. ಮಾವ ಕಟ್ಟೆ ಬಿಟ್ಟು ಏಳಲಿಲ್ಲ.

"ನಾ ಆ ರಾಜ್ಯಕ್ಕ ಬರಂಗಿಲ್ಲ."

ಇಂಥ ಹೊತ್ತಿನಲ್ಲೂ ಚೇಷ್ಟೆಯೇ? ನನಗೋ, ಫೋನು ಗುಣುಗುಟ್ಟಿದರೆ ಮೊದಲು ಸ್ಮಶಾನವೇ ನೆನಪಾಗುವ ಸ್ವಭಾವ. ಮರುದಿನ ಬೆಳಿಗ್ಗೆ ಅದು ಗುಣುಗುಟ್ಟಿತು. "ಅವ್ವ ಇನ್ನೂ ಕಣ್ಣು ತೆರದಿಲ್ಲಣ್ಣ. ಅಪ್ಪನ್ನ ಹೆಂಗರೆ ಮಾಡಿ ಕರ್ಕೊಂಡು ಬಾ," ಎಂದು ಮಗಳು ಅತ್ತಳು. ಮಾವನನ್ನು ಹೆಚ್ಚುಕಡಿಮೆ ಹೊತ್ತು ತಂದೇ ಕಾರಿನಲ್ಲಿ ಹಾಕಿದೆ.

ಸೇತುವೆಯ ತುದಿಯಲ್ಲಿ, "ಗಾಡಿ ನಿಂದ್ರಸೋ," ಎಂದ.

ನಿಲ್ಲಿಸಿದೆ, ಆದರೆ ನನಗೆ ರೇಗಿತು. "ಈಗೂ ಕರೋಡಗಿರಿ ಏನ್ರಿ ಮಾವ?"

ಅವನು ಇಳಿಯಲಿಲ್ಲ. ನನ್ನ ಎಡಗೈ ಹಿಡಿದುಕೊಂಡ. ಅವನ ಬೆರಳು ತಣ್ಣಗಿದ್ದವು.

"ತಮ್ಮಾ, ಈ ಹೊಳಿ ದಾಟಿಸಿ ಅವ್ರಿಗೆ ಒಪ್ಪಿಸಿದ್ದು ಒಂದೂ ಹೊಳ್ಳಿ ಬಂದಿಲ್ಲ. ನಿಮ್ಮ ಅತ್ತಿನ್ನರೆ ಹೊಳ್ಳಿ ಕೊಡ್ತಾರೇನೋ?"

ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಮೆಲ್ಲಗೆ ಸೇತುವೆ ದಾಟಿದೆ. ಇನ್ನೊಂದು ಕೈ ಅವನ ಹತ್ತಿರವೇ ಇತ್ತು.