ಮಾವನವರ ಗ್ಲೈಸಿನ್ ಪಾಯಸ

ನಾದಿನಿಯ ನಿಶ್ಚಿತಾರ್ಥದ ದಿನ ನನ್ನ ಡೈರಿಯಲ್ಲಿ ಒಂದೇ ಸಾಲಿದೆ: 'ಪಾಯಸದ ಬಣ್ಣ ಸ್ವಲ್ಪ ತಿರುಗಿತು.' ಈ 'ಸ್ವಲ್ಪ'ದ ಬಗ್ಗೆ ನನ್ನ ಹೆಂಡತಿ ಪದ್ಮಳಿಗೆ ತೀವ್ರ ಆಕ್ಷೇಪವಿದೆ. ನನ್ನ ನೆನಪನ್ನು ನಾನೂ ಪೂರ್ತಿ ನಂಬುವವನಲ್ಲ. ಆದ್ದರಿಂದ ಅವಳ ತಿದ್ದುಪಡಿಗಳೊಂದಿಗೆ ಬರೆಯುತ್ತಿದ್ದೇನೆ.

ಆಗ ನಾನು ಕೆ.ಆರ್. ಪುರದ ಕಡೆ ಲೋಹಕ್ಕೆ ಲೇಪ ಹಾಕುವ ಒಂದು ಪ್ಲೇಟಿಂಗ್ ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ಓದಿದ್ದು ಕೆಮಿಸ್ಟ್ರಿ ಎಂ.ಎಸ್ಸಿ. ಹೊರಮಾವಿನಲ್ಲಿದ್ದ ಮಾವನವರಿಗೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ಅವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆಗಳು ಎದ್ದಿದ್ದವು, ಸಿಹಿಯ ಆಸೆ ಮಾತ್ರ ಹಾಗೇ ಉಳಿದಿತ್ತು.

"ಅಳೀಮಯ್ಯ, ಬೀಗರ ಪಕ್ಕ ಕೂತು ಮೊದಲ ಪಾಯಸ ನಾನೂ ಬಾಯಿಗಿಡಬೇಕು. ನಮ್ಮನೆ ಪದ್ಧತಿ. ಬೇಡ ಅಂದ್ರೆ ಯಾಕೆ ಅಂತಾರೆ. ಹೆಣ್ಣಿನ ಮನೇಲಿ ಕಾಯಿಲೆ ಅಂತ ಮಾತಾಗ್ಬಾರ್ದು."

"ಚಿಂತೆ ಬಿಡಿ ಮಾವ. ಸಕ್ಕರೆ ಇಲ್ಲದ ಪಾಯಸ ನಾನು ಮಾಡ್ತೀನಿ. ಹಾಲಿನಷ್ಟು ಬೆಳ್ಳಗಿರುತ್ತೆ. ನಿಮಗೆ ವ್ಯತ್ಯಾಸವೇ ಗೊತ್ತಾಗಲ್ಲ!"

ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮಾವನವರು ಇಟ್ಟುಕೊಂಡರು.

ನನ್ನ ಅಸ್ತ್ರ ಗ್ಲೈಸಿನ್. ಅಮೈನೊ ಆಮ್ಲಗಳಲ್ಲೆಲ್ಲ ತೀರಾ ಸರಳವಾದದ್ದು. ಬಿಳಿ ಪುಡಿ, ನಾಲಿಗೆಗೆ ಸಿಹಿ. ನಮ್ಮ ಕಾರ್ಖಾನೆಯಲ್ಲೂ ಅದರ ಡ್ರಮ್ಮು ಇತ್ತು, ಆದರೆ ಅದಕ್ಕೆ ಕೈಹಾಕುವಷ್ಟು ಮೂರ್ಖ ನಾನಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಕೆಮಿಕಲ್ ಅಂಗಡಿಯಲ್ಲಿ ತಿನ್ನುವ ದರ್ಜೆಯದ್ದನ್ನೇ ಕೇಳಿ ತಂದೆ. ಪದ್ಮ ಪೊಟ್ಟಣವನ್ನು ಮೂಸಿ ನೋಡಿದಳು.

"ರೀ, ಇದು ನಿಮ್ಮ ಫ್ಯಾಕ್ಟ್ರೀಲಿ ಲೋಹಕ್ಕೆ ಹೊಳಪು ಬರ್ಸೋಕೆ ತೊಟ್ಟಿಗೆ ಹಾಕೋದಲ್ವಾ?"

"ಅದೊಂದೇನಾ! ಎದೆಯುರಿ ಮಾತ್ರೇಲಿದೆ, ಮುಖಕ್ಕೆ ಹಚ್ಚೋ ಕ್ರೀಮಲ್ಲಿದೆ, ಕೋಳಿ ಮೇವಿಗೆ ಹಾಕ್ತಾರೆ, ಸ್ಪಂಜು ಮಾಡೋಕೆ ಬೇಕು, ಗೊಬ್ಬರಕ್ಕೂ..."

"ಗೊಬ್ಬರಾನ ನಮ್ಮಪ್ಪಂಗೆ ತಿನ್ನಿಸ್ತೀರಾ? ಡಾಕ್ಟರನ್ನ ಕೇಳಿದ್ರಾ?"

ಎಂ.ಎಸ್ಸಿ. ಮಾಡಿದವನು ಎಂ.ಬಿ.ಬಿ.ಎಸ್. ಮಾಡಿದವರನ್ನು ಕೇಳುವುದುಂಟೇ! ನಾನು ಒಲೆ ಹಚ್ಚಿದೆ.

ಮಾವನವರ ಹಿತ್ತಿಲ ಅಡಿಗೆಮನೆ. ಒಂದು ಒಲೆಯಲ್ಲಿ ಎಲ್ಲರಿಗೂ ಅತ್ತೆಯವರ ಸಕ್ಕರೆ ಪಾಯಸ, ಇನ್ನೊಂದರಲ್ಲಿ ನನ್ನ ವೈಜ್ಞಾನಿಕ ಪಾಯಸ. ಹಾಲಿಗೆ ಶಾವಿಗೆ ಬಿತ್ತು, ಗ್ಲೈಸಿನ್ ಬಿತ್ತು. ರುಚಿ ನೋಡಿದೆ, ಸಿಹಿ ಸಾಲದು. ಇನ್ನಷ್ಟು ಸುರಿದೆ. ಹಾಲು ಒಡೆಯುವ ಹಾಗೆ ಕಂಡಿತು. ಚಿಟಿಕೆ ಅಡಿಗೆ ಸೋಡಾ ಹಾಕಿ ಚೆನ್ನಾಗಿ ಕುದಿಸಿದೆ. ಪಾಯಸ ಮೊದಲು ಕೆನೆಬಣ್ಣವಾಯಿತು. ಆಮೇಲೆ ಟೀ. ಆಮೇಲೆ ಕಾಫಿ!

ಹಾಲಿನಲ್ಲೂ ಒಂದು ಸಕ್ಕರೆಯಿದೆ. ಅದರೊಡನೆ ಗ್ಲೈಸಿನ್ ಕುದಿದರೆ ಕಂದುಬಣ್ಣ ಬರುತ್ತದೆ. ಸೋಡಾ ಬಿದ್ದರೆ ಇನ್ನೂ ಬೇಗ. ಈ ವಿಷಯದ ಮೇಲೆ ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ಒಳ್ಳೆಯ ಅಂಕವೂ ಬಂದಿತ್ತು. ನೆನಪಾದದ್ದು ಪಾತ್ರೆ ಇಳಿಸಿದ ಮೇಲೆ.

"ಚೆಲ್ಲಿಬಿಡಿ," ಎಂದಳು ಪದ್ಮ.

"ಬಣ್ಣ ತಾನೆ? ಬೆಲ್ಲದ್ದು ಅಂದ್ರಾಯ್ತು," ಎಂದು ನಾನೇ ಬೆಳ್ಳಿ ಬಟ್ಟಲಿಗೆ ಹಾಕಿ, ಮಾವನವರ ಎಲೆಯ ಪಕ್ಕ ಇಟ್ಟು, ಸಾರಿನ ಬಕೆಟ್ಟು ಹಿಡಿದು ನಿಂತೆ. ಅವರಿಗೆ ಒಂದು ಮಾತು ಹೇಳಿ ಹೋಗೋಣವೆಂದು ಹೊಳೆಯಲಿಲ್ಲ. ಅಥವಾ ಹೊಳೆದೂ ನಾಚಿಕೆಯಾಗಿತ್ತೇ? ಡೈರಿ ಮೌನವಾಗಿದೆ.

ಅಷ್ಟರಲ್ಲಿ ಅತ್ತೆಯವರ ತಂಗಿ ಬಿಳೀ ಪಾಯಸ ಬಡಿಸುತ್ತ ಬಂದರು. ಮಾವನವರು ಬೆಳ್ಳಿ ಬಟ್ಟಲು ನೋಡಿದರು, ಬಿಳೀ ಪಾಯಸ ನೋಡಿದರು. ಹಾಲಿನಷ್ಟು ಬೆಳ್ಳಗೆ! ಮುಖ ಅರಳಿತು.

"ಬೀಗರೇ, ಬೆಲ್ಲದ ಪಾಯಸ ನಿಮಗೇ ಅಂತ ವಿಶೇಷವಾಗಿ ಮಾಡ್ಸಿದ್ದು. ನಂಗೆ ಇದು ಸಾಕು," ಎಂದು ಬಟ್ಟಲನ್ನು ಕುಕ್ ಟೌನಿನ ಬೀಗರ ಎಲೆಗೆ ದಾಟಿಸಿದರು.

ಬೀಗರ ಎದುರು ಸಕ್ಕರೆಯ ಸುದ್ದಿ ಎತ್ತುವಂತಿಲ್ಲ. ನಾನು ಕಣ್ಣು ಬಿಟ್ಟೆ, ಹುಬ್ಬು ಹಾರಿಸಿದೆ, ತಲೆ ಅಲ್ಲಾಡಿಸಿದೆ. 'ಹೇಗಿದೆ' ಎಂದು ಕೇಳುತ್ತಿದ್ದೇನೆಂದು ಮಾವನವರು ತಿಳಿದರು.

"ಬೊಂಬಾಟಾಗಿದೆ ಅಳೀಮಯ್ಯ! ಇನ್ನೊಂದು ಸೌಟು ಹಾಕ್ಸಿ!"

ಬೀಗರು ಒಂದು ಚಮಚ ಬಾಯಿಗಿಟ್ಟು ಬಹಳ ಹೊತ್ತು ಗೋಡೆ ನೋಡಿದರು. ಸಭ್ಯ ಮನುಷ್ಯ. "ಯಾವ ಊರಿನ ಬೆಲ್ಲ?" ಎಂದಷ್ಟೇ ಕೇಳಿದರು.

"ಶಿವಾಜಿನಗರದ್ದು," ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಮಾವನವರು ತಿಂದದ್ದು ಎರಡು ಸೌಟಲ್ಲ, ಮೂರು ಎನ್ನುವುದು ಪದ್ಮಳ ತಿದ್ದುಪಡಿ. ನಿಶ್ಚಿತಾರ್ಥವೇನೋ ಸುಸೂತ್ರವಾಗಿ ಮುಗಿಯಿತು. ಮರುದಿನ ಬೆಳಿಗ್ಗೆ ಪದ್ಮಳ ಅಪ್ಪಣೆಯಂತೆ ಮಾವನವರನ್ನು ಡಾಕ್ಟರ ಬಳಿ ಕರೆದೊಯ್ದೆ. ರಕ್ತದ ರಿಪೋರ್ಟು ನೋಡಿ ಡಾಕ್ಟರು ಕನ್ನಡಕ ತೆಗೆದರು.

"ಏನ್ರೀ ತಿಂದ್ರಿ? ಮಾತ್ರೆ ಡೋಸ್ ಜಾಸ್ತಿ ಮಾಡ್ಬೇಕಾಗುತ್ತೆ."

"ಸಕ್ಕರೆ ಮುಟ್ಟಿಲ್ಲ ಸಾರ್. ನಮ್ಮಳಿಯ ಎಂ.ಎಸ್ಸಿ. ಓದಿರೋರು. ಅವರೇ ಕೈಯಾರೆ ಮಾಡಿದ್ದು. ನಿಮ್ಮ ಮೆಷಿನ್ನೇ ಕೆಟ್ಟಿರ್ಬೇಕು."

ನನ್ನ ಡಿಗ್ರಿಯ ಪರವಾಗಿ ಇಷ್ಟು ಗಟ್ಟಿಯಾಗಿ ಮಾತಾಡಿದವರು ಇನ್ನೊಬ್ಬರಿಲ್ಲ. ಆದರೆ ಸುಮ್ಮನಿದ್ದರೆ ಅವರಿಗೆ ಬೇಡದ ಮಾತ್ರೆ. ಇದ್ದದ್ದು ಇದ್ದಂತೆ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದ ರೀತಿಯನ್ನು ಡೈರಿಯಲ್ಲಿ ದಾಖಲಿಸಿಲ್ಲ. ಮಾವನವರು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದರು.

"ಹಂಗಾದ್ರೆ ನಾನು ತಿಂದಿದ್ದು ನಿಜವಾದ ಪಾಯಸಾನೇ?"

"ಹೌದು ಮಾವ."

"ಮದುವೆಗೂ ನೀವೇ ಮಾಡ್ಬೇಕು ಅಳೀಮಯ್ಯ!"

ಪದ್ಮ ಒಪ್ಪಲಿಲ್ಲ. ಉಳಿದ ಗ್ಲೈಸಿನ್ ಅವಳ ಗುಲಾಬಿ ಕುಂಡಗಳಿಗೆ ಹೋಯಿತು. ಮದುವೆಯಲ್ಲಿ ನನಗೆ ವಹಿಸಿದ್ದು ನೀರಿನ ಲೋಟ ತುಂಬುವ ಕೆಲಸ. ಜಗ್ಗು ಕೈಗಿಡುತ್ತ ಅವಳು ಹೇಳಿದಳು:

"ಇದಕ್ಕೇನೂ ಬೆರೆಸ್ಬೇಡಿ."