ಭಾವ ಕೂರಿಸಿದ ನೀರಿನ ಫಿಲ್ಟರು

ನಮ್ಮ ಭಾವ ಕೈಯಿಟ್ಟ ಯಂತ್ರ ಕೆಡುವುದೇ ಇಲ್ಲ. ಕೆಡಬೇಕಾದರೆ ಅದು ಮೊದಲು ನಡೆಯಬೇಕಲ್ಲ!

ಇದನ್ನು ಅವರೆದುರು ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಏಕೆಂದರೆ ಅವರು ಮನೆಯ ಅಳಿಯ, ನನ್ನ ಅಕ್ಕನ ಗಂಡ. ಅಕ್ಕ ಕಾಯಿಲೆಯಾಗಿ ತೀರಿಕೊಂಡು ಆಗ ಮೂರು ವರ್ಷ. ಅವರಿಗೆ ಮಕ್ಕಳಿಲ್ಲ. ಆದರೂ ಅಳಿಯನ ಪಟ್ಟದಿಂದ ಯಾರಾದರೂ ನಿವೃತ್ತರಾಗುವುದುಂಟೇ? ನೌಕರಿಯಿಂದೇನೋ ನಿವೃತ್ತರಾಗಿದ್ದರು. ದೊಡ್ಡಬಳ್ಳಾಪುರದಲ್ಲಿ ಮಗ್ಗ ರಿಪೇರಿ ಮಾಡುವ ಮೇಸ್ತ್ರಿಯಾಗಿ, ಆಮೇಲೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ದುಡಿದವರು. "ಮಗ್ಗ ಬಿಚ್ಚಿ ಜೋಡ್ಸಿದೋನಿಗೆ ಲೋಕದಲ್ಲಿ ಮಿಕ್ಕಿದ್ದೆಲ್ಲ ಆಟದ ಸಾಮಾನು ಕಣಯ್ಯಾ" ಎನ್ನುವುದು ಅವರ ಸಿದ್ಧಾಂತ. ಅಂಥ ಆಟದ ಸಾಮಾನುಗಳಲ್ಲಿ ನಮ್ಮ ನೀರಿನ ಫಿಲ್ಟರೂ ಒಂದು. ಆಟ ಅವರದು, ಪಾಡು ನಮ್ಮದು.

ನಾವಿರುವುದು ದೇವನಹಳ್ಳಿಯಲ್ಲಿ. ಏರ್‌ಪೋರ್ಟ್ ಬಂದ ಮೇಲೆ ಸುತ್ತಲಿನ ಹೊಲಗಳು ಸೈಟುಗಳಾದವು, ಸೈಟಿಗೊಂದು ಬೋರ್‌ವೆಲ್ ಆಯಿತು. ಬೋರು ಆಳಕ್ಕಿಳಿದಷ್ಟೂ ನೀರು ಗಡುಸಾಯಿತು. ಬೇಳೆ ಬೇಯದು, ಸೋಪು ನೊರೆ ಬಾರದು, ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ! ಅದೇ ಹೊತ್ತಿಗೆ ನನ್ನ ಮೂತ್ರಪಿಂಡದಲ್ಲಿ ಕಲ್ಲು ಕಾಣಿಸಿಕೊಂಡಿತು. ಕಲ್ಲಿಗೂ ನೀರಿಗೂ ನಂಟಿತ್ತೋ ಇಲ್ಲವೋ, ಹೆಂಡತಿ ಹಟ ಹಿಡಿದಳು. ಆರ್‌ಓ ಫಿಲ್ಟರ್ ಬಂತು.

ಡಬ್ಬ ಬಂದ ದಿನವೇ ಕಂಪನಿಯವರು ಫೋನ್ ಮಾಡಿ, ನಮ್ಮವರೇ ಬಂದು ಕೂರಿಸಿಕೊಡುತ್ತಾರೆ ಎಂದರು. ಅಷ್ಟರಲ್ಲಿ ಸುದ್ದಿ ದೊಡ್ಡಬಳ್ಳಾಪುರ ಮುಟ್ಟಿತ್ತು. ಭಾವ ತಮ್ಮ ಹಳೇ ಮೊಪೆಡ್ಡಿನ ಹಿಂದೆ ಡ್ರಿಲ್ಲಿಂಗ್ ಮಿಷನ್ ಕಟ್ಟಿಕೊಂಡು ಬಂದಿಳಿದರು.

"ಮನೆ ಅಳಿಯ ಗುಂಡುಕಲ್ಲಿನಂಗೆ ಇರುವಾಗ ಹೊರಗಿನೋನು ಬಂದು ಗೋಡೆ ತೂತು ಮಾಡೋದಾ? ಬೇಡ ಅಂತ ಹೇಳಪ್ಪಾ!"

ಹೇಳಿಬಿಟ್ಟೆ. ನನ್ನ ಬುದ್ಧಿಗೆ ಏನು ಬಡಿದಿತ್ತೋ!

ಫಿಲ್ಟರು ನೇತುಹಾಕಲು ಬೇಕಾದದ್ದು ಎರಡು ತೂತು. ಭಾವ ಕೊರೆದದ್ದು ಏಳು. ಐದನೆಯದನ್ನು ಕೊರೆಯುವಾಗ ಗೋಡೆಯೊಳಗಿನ ಪೈಪೇ ಸಿಕ್ಕಿ, ನೀರು ಅವರ ಮುಖದ ಮೇಲಿಂದ ಹಾರಿ ಎದುರು ಗೋಡೆಯ ಕ್ಯಾಲೆಂಡರಿಗೆ ಬಡಿಯಿತು.

"ನೋಡ್ದಾ," ಎಂದರು ಭಾವ ಮುಖ ಒರೆಸಿಕೊಳ್ಳುತ್ತ, "ಪ್ರೆಷರ್ ಚೆನ್ನಾಗಿದೆ."

ಕೊನೆಗೂ ಫಿಲ್ಟರು ಗೋಡೆ ಹತ್ತಿತು. ಹತ್ತಿದ್ದು ಎಷ್ಟು ಎತ್ತರಕ್ಕೆಂದರೆ, ನನ್ನ ಹೆಂಡತಿ ತುದಿಗಾಲಲ್ಲಿ ನಿಂತರೂ ನಲ್ಲಿ ಸಿಗಲಿಲ್ಲ.

"ಅಣ್ಣ, ನನ್ ಕೈಗೆ ಎಟುಕಲ್ವಲ್ಲ?"

"ಎಟುಕಬಾರ್ದು ಕಣಮ್ಮಾ. ಎತ್ತರದಲ್ಲಿದ್ರೆ ಮಕ್ಕಳು ಕೈ ಹಾಕಲ್ಲ."

ನಮ್ಮ ಮನೆಯಲ್ಲಿದ್ದ ಒಂದೇ ಮಗು ಆಗಲೇ ಆರಡಿ ಬೆಳೆದು ಡಿಪ್ಲೊಮಾ ಓದುತ್ತಿತ್ತು! ಅಂದಿನಿಂದ ಅಡುಗೆಮನೆಗೆ ಒಂದು ಸ್ಟೂಲು ಕಾಯಂ. ಹೆಂಡತಿ ಲೋಟ ನೀರಿಗೊಮ್ಮೆ ಅದನ್ನು ಹತ್ತಿ ಇಳಿಯುತ್ತಿದ್ದಳು. ಇಳಿಯುವಾಗಲೆಲ್ಲ ನನ್ನ ಕಡೆ ಒಂದು ನೋಟ. ಆ ನೋಟಕ್ಕೆ ಹೋಲಿಸಿದರೆ ಮೂತ್ರಪಿಂಡದ ಕಲ್ಲು ಹೂವು.

ಕೂರಿಸಿದ್ದು ಒಂದು ದಿನದ ಕಷ್ಟ. ಸರ್ವೀಸು? ಅದು ಪ್ರತಿ ಭಾನುವಾರ! ಬೆಳಿಗ್ಗೆ ಏಳಕ್ಕೆ ಬಾಗಿಲಲ್ಲಿ ಮೊಪೆಡ್ಡಿನ ಸದ್ದು. "ಮಿಷನ್ನಿಗೆ ಕೈ ತಾಗ್ತಾ ಇರ್ಬೇಕು ಕಣಯ್ಯಾ, ಇಲ್ದಿದ್ರೆ ಜಡ್ಡುಗಟ್ಟುತ್ತೆ" ಎನ್ನುತ್ತ ಸ್ಪ್ಯಾನರ್ ತೆಗೆದರೆಂದರೆ ಮಧ್ಯಾಹ್ನದ ಊಟದವರೆಗೆ ಅಡುಗೆಮನೆಯ ನೆಲದ ತುಂಬ ಫಿಲ್ಟರಿನ ಅಂಗಾಂಗಗಳು. ಅವರು ಬರುವವರೆಗೆ ಚೆನ್ನಾಗಿದ್ದ ಯಂತ್ರ ಅವರು ಹೋದ ಮೇಲೆ ತೊಟ್ಟಿಕ್ಕಲು ಶುರುಮಾಡುತ್ತಿತ್ತು. ಸೋಮವಾರ ಕೆಳಗೊಂದು ಬಟ್ಟಲು, ಬುಧವಾರ ಬಕೆಟ್ಟು, ಶನಿವಾರದ ಹೊತ್ತಿಗೆ ಗೋಣಿಚೀಲ.

"ಭಾವ, ಈ ವಾಷರ್ ಒಂದು ಉಳಿದಿದೆಯಲ್ಲಾ?"

"ಕಂಪನಿಯೋರು ಜಾಸ್ತಿ ಹಾಕಿರ್ತಾರೆ. ಎತ್ತಿಟ್ಕೊ."

ಹಾಗೆ ಎತ್ತಿಟ್ಟುಕೊಂಡ ಜಾಸ್ತಿ ಸಾಮಾನಿನಿಂದ ಒಂದು ಉಪ್ಪಿನಕಾಯಿ ಬಾಟಲಿ ತುಂಬಿತು. ಇನ್ನಷ್ಟು ದಿನ ಬಿಟ್ಟಿದ್ದರೆ ಅದರೊಳಗೇ ಎರಡನೆಯ ಫಿಲ್ಟರೊಂದು ಹುಟ್ಟುತ್ತಿತ್ತೋ ಏನೋ! ಕಂಪನಿಯವರನ್ನು ಕರೆಸೋಣವೆಂದು ನಾನು ಬಾಯಿ ತೆಗೆದರೆ ಅಮ್ಮ, "ಅಳಿಯಂದ್ರು ನೊಂದ್ಕೊಂಡ್ರೆ ನನ್ ಮಗಳು ಮೇಲಿಂದ ನೋಡ್ತಿರ್ತಾಳೆ, ತಿಳ್ಕೊ" ಎನ್ನುತ್ತಿದ್ದಳು.

ಇದರ ನಡುವೆ ಭಾವ ಪೆನ್ನಿನಂಥ ಒಂದು ಮೀಟರ್ ಕೊಂಡರು. ನೀರಿನಲ್ಲಿ ಅದ್ದಿದರೆ ಅದರಲ್ಲಿ ಉಪ್ಪಿನಂಶ ಎಷ್ಟು ಕರಗಿದೆಯೆಂದು ಅಂಕಿ ತೋರಿಸುತ್ತದೆ. ತ್ಯಾಮಗೊಂಡ್ಲುವಿನಲ್ಲಿ ನೆಂಟರ ಗೃಹಪ್ರವೇಶ. ಪೂಜೆ ಮುಗಿದು ಪುರೋಹಿತರು ತೀರ್ಥ ಕೊಟ್ಟರು. ಭಾವ ಬಲಗೈಯಲ್ಲಿ ತೀರ್ಥ ಹಿಡಿದು, ಎಡಗೈಯಿಂದ ಜೇಬಿನ ಮೀಟರ್ ತೆಗೆದು ಅದಕ್ಕೆ ಅದ್ದಿಯೇಬಿಟ್ಟರು!

"ಸ್ವಾಮಿ, ಇದು ಬೋರ್ ನೀರು."

"ಅಲ್ಲಪ್ಪಾ, ತೀರ್ಥ."

"ತೀರ್ಥ ಸರಿ ಸ್ವಾಮಿ, ಗಡಸು ಜಾಸ್ತಿಯಿದೆ."

"ಪುಣ್ಯ ಅದಕ್ಕಿಂತ ಜಾಸ್ತಿಯಿದೆ, ಕುಡೀರಿ. ಹಿಂದೆ ಜನ ನಿಂತವ್ರೆ."

ನಾನು ಊಟದ ಪಂಕ್ತಿಯಲ್ಲಿ ಅವರಿಂದ ಆರು ಎಲೆ ದೂರ ಕುಳಿತೆ.

ಆದರೆ ದೊಡ್ಡ ಅನಾಹುತ ಆಮೇಲೆ ಬಂತು. ಈ ಯಂತ್ರದ ಗುಣವೇ ಹಾಗೆ. ಒಂದು ಲೋಟ ಒಳ್ಳೆಯ ನೀರು ಕೊಟ್ಟು ಎರಡು ಮೂರು ಲೋಟ ಉಪ್ಪುನೀರನ್ನು ಹೊರಗೆ ತಳ್ಳುತ್ತದೆ. ಅದು ಮೋರಿಗೆ ಹೋಗುವುದನ್ನು ಕಂಡು ಭಾವನ ಹೊಟ್ಟೆ ಉರಿಯಿತು. "ಪಾಪ ಬರುತ್ತೆ ಕಣಯ್ಯಾ!" ಒಂದು ಭಾನುವಾರ ಪೂರ್ತಿ ಕೂತು ಉದ್ದನೆಯ ಪೈಪೊಂದನ್ನು ಹಿತ್ತಲಿಗೆ ಎಳೆದರು. ಗಿಡಗಳಿಗೆ ಬಿಟ್ಟಿರಬೇಕೆಂದು ನಾವೂ ಸುಮ್ಮನಾದೆವು.

ಎರಡು ತಿಂಗಳಲ್ಲಿ ಸ್ನಾನ ಮಾಡಿದರೆ ತಲೆಕೂದಲು ತೆಂಗಿನ ನಾರಾಗತೊಡಗಿತು. ಗೀಸರಿನ ಕಾಯಿಲ್ ಸುಟ್ಟುಹೋಯಿತು. ನಲ್ಲಿ ನೀರಿಗೆ ಭಾವ ಮೀಟರ್ ಅದ್ದಿದರೆ ವಾರದಿಂದ ವಾರಕ್ಕೆ ಅಂಕಿ ಮೇಲಕ್ಕೆ!

"ಎಲ್ಲ ನಿಮ್ ಏರ್‌ಪೋರ್ಟಿಂದ ಕಣಯ್ಯಾ. ನೆಲದ ನೀರೇ ಕೆಟ್ಟೋಯ್ತು. ನಿನ್ ಆಫೀಸಲ್ಲಿ ಹೇಳು!"

ನಾನು ಅಲ್ಲಿ ಕಾರ್ಗೋದಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವವನು. ಯಾರಿಗೆ ಹೇಳಲಿ, ವಿಮಾನಕ್ಕೆ?

ಕೊನೆಗೆ ಹೆಂಡತಿ, "ಕಂಪನಿಯೋರನ್ನ ಕರೀತೀರೋ, ನಾನು ತವರಿಗೆ ಹೋಗಿ ನೀರು ಕುಡ್ಕೊಂಡು ಬರ್ಲೋ?" ಎಂದಳು. ನನಗೆ ರಜೆಯಿದ್ದ ಒಂದು ಬುಧವಾರ, ಅಮ್ಮ ಭಜನೆಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ಕಳ್ಳರಂತೆ ಸರ್ವೀಸಿನವರನ್ನು ಕರೆಸಿದೆವು.

ಬಂದವರು ನಲವತ್ತು ದಾಟಿದ, ದಪ್ಪ ಕನ್ನಡಕದ ಮನುಷ್ಯ. ಗೋಡೆಯ ತೂತುಗಳನ್ನು ನೋಡಿ, "ಇಲ್ಲೇನ್ ಸಾರ್, ಗುಂಡು ಹಾರ್ಸಿದ್ರಾ?" ಎಂದರು. ಆಮೇಲೆ ಪೈಪಿನ ಜಾಡು ಹಿಡಿದು ಹಿತ್ತಲಿಗೆ ಹೋದವರು ತಲೆಯ ಮೇಲೆ ಕೈಯಿಟ್ಟುಕೊಂಡು ವಾಪಸು ಬಂದರು.

"ಸಾರ್, ಫಿಲ್ಟರ್ ಆಚೆ ತಳ್ಳಿದ ನೀರೆಲ್ಲ ನಿಮ್ ನೆಲದ ಸಂಪಿನೊಳಕ್ಕೇ ಬೀಳ್ತಿದೆ! ಅಲ್ಲಿಂದ ಟ್ಯಾಂಕಿಗೆ, ಟ್ಯಾಂಕಿಂದ ಮತ್ತೆ ಫಿಲ್ಟರಿಗೆ. ಅದೇ ಉಪ್ಪು ಸುತ್ತಿ ಸುತ್ತಿ ಬರ್ತಾ ಇದೆ. ಯಾವನೋ ತಲೆ ಕೆಟ್ಟೋನು ಮಾಡಿರೋ ಕೆಲ್ಸ ಇದು!"

ನಾನು ನಗಲು ಹೊರಟವನು ಹೆಂಡತಿಯ ಮುಖ ನೋಡಿ ನಿಲ್ಲಿಸಿದೆ. ಅವಳು ನನ್ನ ಹಿಂದಿನ ಬಾಗಿಲನ್ನು ನೋಡುತ್ತಿದ್ದಳು. ಹೊಸ್ತಿಲಲ್ಲಿ ಭಾವ. ಫಿಲ್ಟರಿನೊಳಗೆ ಹಾಕುವ, ಕೆಸರು ಹಿಡಿಯುವ ಹೊಸ ಕ್ಯಾಂಡಲ್ ಒಂದು ಅವರ ಕೈಯಲ್ಲಿತ್ತು. ಭಾನುವಾರದವರೆಗೆ ತಡೆಯಲಾಗದೆ ತಂದಿದ್ದರು.

"ನಾನೇ ಕಣಪ್ಪಾ, ಆ ತಲೆ ಕೆಟ್ಟೋನು" ಎಂದರು.

ಭಾವ ಒಳಗೆ ಬಂದು ಆ ಮನುಷ್ಯನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಇನ್ನೊಂದ್ಸಲ ಹೇಳಿ, ನೀರು ಹೇಗೆ ಸುತ್ತುತ್ತೆ?" ಎಂದು ಕೇಳಿದರು. ಅವರು ಹೇಳಿದರು, ಇವರು ಕೇಳಿದರು. ಆಮೇಲೆ ಹಿತ್ತಲಿಗೆ ಹೋಗಿ ತಾವೇ ಪೈಪನ್ನು ಕಿತ್ತು ಸುರುಳಿ ಸುತ್ತಿಟ್ಟರು. ತಂದಿದ್ದ ಕ್ಯಾಂಡಲ್ ತೋರಿಸಿದರು. "ಇದು ಬೇರೆ ಸೈಜು ಸಾರ್" ಎಂದಾಗ ಚೀಲಕ್ಕೆ ಹಾಕಿಕೊಂಡರು. ಹೆಂಡತಿ ತಂದ ಕಾಫಿಯನ್ನು ಮುಟ್ಟಲಿಲ್ಲ. "ಬರ್ತೀನಮ್ಮಾ" ಎಂದು ಹೊರಟೇಬಿಟ್ಟರು.

ಆಮೇಲೆ ಫಿಲ್ಟರು ಒಂದು ಹನಿ ಸೋರಲಿಲ್ಲ. ಸರ್ವೀಸಿನವರು ಅದನ್ನು ಕೆಳಗಿಳಿಸಿ ಕೂರಿಸಿದ್ದರಿಂದ ಸ್ಟೂಲು ಅಟ್ಟ ಸೇರಿತು. ಮೊದಲ ಭಾನುವಾರ ಎಂಟೂವರೆಯವರೆಗೆ ಮಲಗಿದೆ. ಆಹಾ, ಏನು ಸುಖ! ಮೂರನೆಯ ಭಾನುವಾರ ಏಳಕ್ಕೇ ಎಚ್ಚರವಾಯಿತು. ಬೀದಿಯಲ್ಲಿ ಯಾವ ಮೊಪೆಡ್ ಸದ್ದಾದರೂ ಅಮ್ಮ ಹಿಟ್ಟು ರುಬ್ಬುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಫೋನ್ ಮಾಡಿದರೆ ಭಾವ, "ಮಿಷನ್ ಹೇಗಿದೆ?" ಎನ್ನುವರು. "ಚೆನ್ನಾಗಿದೆ ಭಾವ." "ಸರಿ ಹಾಗಾದ್ರೆ." ಅಲ್ಲಿಗೆ ಮಾತು ಮುಗಿಯಿತು.

ಎರಡು ತಿಂಗಳಾದ ಮೇಲೆ ನಾನೇ ದೊಡ್ಡಬಳ್ಳಾಪುರಕ್ಕೆ ಹೋದೆ. ಬೀದಿಯ ತುಂಬ ಮಗ್ಗದ ಸದ್ದು. ಭಾವ ಜಗಲಿಯ ಮೇಲೆ ಕೂತಿದ್ದರು. ಸ್ವಲ್ಪ ಸೊರಗಿದ್ದರು. ನನ್ನನ್ನು ಕಂಡವರೇ ಗಾಬರಿಯಿಂದ ಎದ್ದರು.

"ಏನಪ್ಪಾ, ಮಿಷನ್ ಕೆಡ್ತಾ?"

"ಇಲ್ಲ ಭಾವ. ಆವತ್ತು ಅವ್ರು ಅಂದಿದ್ದು ಮನಸ್ಸಿಗೆ ಹಚ್ಕೊಂಡ್ರಾ?"

"ಥೂ, ಅವ್ರು ಹೇಳಿದ್ದು ಸರಿಯಾಗೇ ಇತ್ತಲ್ಲಯ್ಯಾ." ಅವರು ಮತ್ತೆ ಕೂತರು. "ನಿಮ್ಮಕ್ಕ ಇದ್ದಾಗ ಅವಳ ಹಿಂದೆ ಚೀಲ ಹಿಡ್ಕೊಂಡು ಬರ್ತಿದ್ದೆ. ಯಾಕ್ ಬಂದೆ ಅಂತ ಯಾರೂ ಕೇಳ್ತಿರ್ಲಿಲ್ಲ. ಈಗ ಕೈಲಿ ಸ್ಪ್ಯಾನರ್ ಇಲ್ದೆ ನಿಮ್ಮನೆ ಬಾಗ್ಲಲ್ಲಿ ನಿಂತ್ರೆ, ಯಾಕ್ ಬಂದ್ರಿ ಅಂತೀರಲ್ಲಪ್ಪಾ."

"ಯಾರು ಭಾವ ಹಾಗನ್ನೋದು?"

"ಯಾರೂ ಅನ್ನಲ್ಲ. ನಂಗೇ ಅನ್ಸುತ್ತೆ."

ಬಸ್ಸು ಹತ್ತುವ ಮುಂಚೆ ಇಷ್ಟು ಹೇಳಿದೆ: "ಭಾನುವಾರ ಬನ್ನಿ ಭಾವ. ಸುಮ್ನೆ ಬನ್ನಿ."

ಬಂದರು. ಬರಿಗೈಯಲ್ಲಿ ಬಂದು ನಡುಮನೆಯ ಕುರ್ಚಿಯ ತುದಿಯಲ್ಲಿ ಕೂತರು. ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ತೊಡೆಯ ಮೇಲೆ, ಒಮ್ಮೆ ಕಂಕುಳಲ್ಲಿ. ಫಿಲ್ಟರಿನ ಕಡೆ ತಿರುಗಿಯೂ ನೋಡಲಿಲ್ಲ. ಅವರೆಕಾಯಿಯ ಕಾಲ. ಅಮ್ಮ ನೆನೆಹಾಕಿದ ಅವರೆಕಾಳಿನ ಬೋಗುಣಿ ಹಿಡಿದು ಅಡುಗೆಮನೆಯಿಂದ ಬಂದಳು. ಅಳಿಯನ ಕೈಗೆ ಕೆಲಸ ಕೊಡುವುದಿರಲಿ, ಉಂಡ ತಟ್ಟೆ ಎತ್ತಲೂ ಬಿಟ್ಟವಳಲ್ಲ ಅವಳು. ಅಕ್ಕನ ಮದುವೆಯಾದಾಗಿನಿಂದ ಅವರೊಡನೆ ಬಹುವಚನ ಬಿಟ್ಟು ಮಾತಾಡಿದವಳೂ ಅಲ್ಲ.

ಬೋಗುಣಿಯನ್ನು ಅವರ ಮುಂದೆ ನೆಲದ ಮೇಲಿಟ್ಟಳು.

"ಕೆಳಗೆ ಕೂತ್ಕೊಳಪ್ಪಾ," ಎಂದಳು. "ಬೇಳೆ ಹಿಸುಕು. ಸಾರಿಗೆ ಹೊತ್ತಾಯ್ತು."

ಭಾವ ಇಳಿದು ಚಾಪೆಯ ಮೇಲೆ ಕೂತರು. ಹಿಸುಕಿದ ಮೊದಲ ಕಾಳು ಸಿಪ್ಪೆಯಿಂದ ಚಿಮ್ಮಿ ನೇರವಾಗಿ ನನ್ನ ಹಣೆಗೆ ಬಡಿಯಿತು. ಹೆಂಡತಿ ಒಳಗಿನಿಂದ ನಕ್ಕಳು.

"ಮೆತ್ತಗೆ ಕಣೋ," ಎಂದಳು ಅಮ್ಮ.

"ಹೂಂ ಅಮ್ಮ," ಎಂದರು ಭಾವ, ತಲೆಯೆತ್ತದೆ.