ಕಂಪ್ಯೂಟರಿನಲ್ಲಿ ಎಲುಬು ಮುರಿಯುವವನು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದ ದಿನ ಏನಾದರೊಂದು ಆಗಿಯೇ ಆಗುತ್ತದೆ. ಬಳ್ಳಾರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಉಳಿದ ಹೊತ್ತು ಎಲುಬಿನಂಥ ವಸ್ತುವೊಂದನ್ನು ಕಂಪ್ಯೂಟರಿನೊಳಗೆ ಕಟ್ಟಿ, ಭಾರ ಹೇರಿ ಮುರಿಯುತ್ತೇನೆ. ಗಟ್ಟಿ ಪದರ, ನಡುವೆ ಮೆತ್ತನೆಯ ಪದರ; ಬಿರುಕು ಅವುಗಳಲ್ಲಿ ಸುತ್ತಿ ಸುತ್ತಿ ದಣಿದು ನಿಲ್ಲಬೇಕು. ಉತ್ತರ ತಿಳಿಯದಿದ್ದರೆ "ಒಳ್ಳೆ ಪ್ರಶ್ನೆ" ಎನ್ನುವುದು ನಮ್ಮ ಕಾಲೇಜಿನ ಪದ್ಧತಿ.

೧. ಪುಕ್ಕಟೆ

ಬ್ರೂಸ್‌ಪೇಟೆಯ ಕಿರಾಣಿ ಅಂಗಡಿಯವರಿಗೆ ಇದನ್ನು ವಿವರಿಸಿದೆ. ಮರುದಿನ ಅವರು ತಮ್ಮ ಹೆಂಡತಿಯ ಮುಂಗೈ ಎಕ್ಸ್‌ರೇ ತಂದು ಮುಂದಿಟ್ಟರು.

"ನಾನು ಮುರಿಯೋದಷ್ಟೇ ರೀ, ಕೂಡಿಸೋದಿಲ್ಲ."

"ಮುರಿಯಾಕ ಪಗಾರ ಕೊಡ್ತಾರೇನ್ರಿ? ನಮ್ಮ ಎಮ್ಮಿ ಪುಕ್ಕಟೆ ಮುರದೈತಿ."

೨. ಕುರುಗೋಡಿನ ಬೆರಳು

ಸಿರುಗುಪ್ಪದ ಹತ್ತಿರ ದೇಶನೂರಿನಲ್ಲಿ, ತನ್ನ ತಮ್ಮನ, ಅಂದರೆ ನನ್ನ ಮಾವನ, ಮನೆಯಲ್ಲಿದ್ದ ನಮ್ಮವ್ವ ಬಚ್ಚಲಲ್ಲಿ ಜಾರಿಬಿದ್ದಳು. ಮಾವ ಮೊದಲು ಕರೆದೊಯ್ದದ್ದು ಕುರುಗೋಡಿನಲ್ಲಿ ಎಲುಬು ಕಟ್ಟುವ ಅಜ್ಜನ ಬಳಿಗೆ. ಅಜ್ಜ ಸೊಂಟದ ಕೆಳಗೆ ಬೆರಳಾಡಿಸಿ "ಇಲ್ಲಿ" ಎಂದ. ಆಮೇಲೆ ಆಸ್ಪತ್ರೆಯಲ್ಲಿ ತೆಗೆದ ಎಕ್ಸ್‌ರೇ ಕೂಡ ಅಲ್ಲೇ ಎಂದಿತು.

ಬಿರುಕಿನ ಜಾಗ ಹೇಳಲು ನನ್ನ ಕಂಪ್ಯೂಟರಿಗೆ ಎರಡು ದಿನ ಬೇಕೆಂದು, ಸುದ್ದಿ ಕೇಳಿ ಅಲ್ಲಿಗೇ ಬಂದಿದ್ದ ನಾನು ಅಜ್ಜನಿಗೆ ಹೇಳಿದೆ.

"ಎರಡು ದಿನಾನಾ? ಅಲ್ಲೀತನಕ ಅಕಿ ಅಳಬೇಕೇನು? ದೊಡ್ಡಾಸ್ಪತ್ರಿಗೆ ನಡೀರಿ, ಇದು ನನ್ನ ಕಟ್ಟಿಗೂ ಬಗ್ಗಂಗಿಲ್ಲ, ನಿನ್ನ ಡಬ್ಬಿಗೂ ಬಗ್ಗಂಗಿಲ್ಲ."

೩. ಕಿವಿ

ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ತೊಡೆಯ ಎಲುಬಿನೊಳಗೆ ಲೋಹದ ರಾಡು ಹಾಕಿದರು. ಊರಿಗೆ ಬಂದ ಮೇಲೆ ಅವ್ವ ಕೇಳಿದಳು.

"ನಿನ್ನ ಕಂಪ್ಯೂಟರ್ ಏನಂತೈತಿ? ನಡೀತೀನಂತೇನು?"

"ನಡೀತಿ ಅಂತೈತವ್ವ."

"ಸಣ್ಣಾವಿದ್ದಾಗಿಂದ್ಲೂ ಸುಳ್ಳು ಹೇಳುವಾಗ ಕಿವಿ ಹಿಡ್ಕೊಂತಿ. ಕೈ ತೆಗಿ."

ತೆಗೆದೆ.

"ಪಾಪ, ಕಂಪ್ಯೂಟರಿಗೆ ಕಿವಿ ಇಲ್ಲ. ಏನ್ ಹೇಳಿದ್ರೂ ನಡೀತೈತಿ."

ಮಾವನ ಹೆಗಲು ಹಿಡಿದು ಬಾಗಿಲತನಕ ನಡೆದಳು. ಒಂದೇ ಸಲ. ಆಮೇಲೆ ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿತು. ಎಲುಬು ಕೂಡುತ್ತಿದೆ ಎಂದು ಡಾಕ್ಟರು ಹೇಳಿದ ವಾರವೇ ತೀರಿಕೊಂಡಳು.

೪. ಮೂರನೆಯ ದಿನ

ಅವ್ವನನ್ನು ಸುಟ್ಟ ಹೊಳೆದಂಡೆಗೆ ಎಲುಬು ಆಯಲು ಹೋದೆವು. ಬೂದಿಯಲ್ಲಿ ಮಾವನ ಕೈಗೆ ರಾಡು ಸಿಕ್ಕಿತು. ಹೊಳೆಯಲ್ಲಿ ತೊಳೆದು, ಎರಡೂ ಕೈಯಿಂದ ಬಗ್ಗಿಸಲು ನೋಡಿದ. ಬಗ್ಗಲಿಲ್ಲ.

"ಲೇ, ಬೆಂಕ್ಯಾಗ ಬಿದ್ದರೂ ಏನೂ ಆಗಿಲ್ಲಲೇ ಇದಕ್ಕ."

"ಹೌದು ಮಾವ."

"ಇಷ್ಟು ಗಟ್ಟಿ ಇದ್ದದ್ದನ್ನ ನಮ್ಮಕ್ಕ ಬೀಳೋಕಿಂತ ಮೊದಲ ಯಾಕ ಹಾಕಲಿಲ್ಲ?"

ಪುರೋಹಿತರು ಮಂತ್ರ ನಿಲ್ಲಿಸಿದರು. ನೆಂಟರೆಲ್ಲ ನನ್ನತ್ತ ತಿರುಗಿದರು. ಎಷ್ಟಾದರೂ ಮನೆತನದಲ್ಲಿ ಎಲುಬಿನ ವಿದ್ವಾಂಸ ನಾನೊಬ್ಬನೇ.

"ಒಳ್ಳೆ ಪ್ರಶ್ನೆ, ಮಾವ" ಎಂದೆ.